6 ಕೆಜಿ ಕೂಸು, ಮಾನಿಟರ್‌ನಲ್ಲಿ 240: ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಅರ್ಧ ಗಂಟೆ ಏನು ಮಾಡಬೇಕು?

ಡ್ಯೂಟಿರೂಮ್_ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ಕ್ಯಾಶುಯಲ್ಟಿ ಗೋಡೆಗೆ ಅಂಟಿಸಲು ಒಂದು ಪುಟದ ಚೀಟಿ ಬರೆಯುತ್ತಿದ್ದೇನೆ. ವಿಷಯ ಮಕ್ಕಳ ಎಸ್‌ವಿಟಿ, ಅಂದರೆ ಎದೆಬಡಿತ ಏಕಾಏಕಿ ಲಗಾಮು ಕಿತ್ತ ಕುದುರೆಯ ಹಾಗೆ ಓಡುವುದು. ಪುಸ್ತಕದಲ್ಲಿ ಎಲ್ಲಾ ಇದೆ, ಆದರೆ ಪುಸ್ತಕ ಬರೆದವರ ಪಕ್ಕದಲ್ಲಿ ಮಕ್ಕಳ ಐಸಿಯು ಇತ್ತು. ತಾಲ್ಲೂಕು ಮಟ್ಟದಲ್ಲಿ ಇರುವುದು ಒಂದು ಮಾನಿಟರ್, ಒಂದು ಇಸಿಜಿ ಮೆಷಿನ್, ಡಿಫಿಬ್ರಿಲೇಟರ್, ರಾತ್ರಿ ಪಾಳಿಗೆ ಒಬ್ಬ ಡಾಕ್ಟರು, ಒಬ್ಬರು ಸಿಸ್ಟರ್. ಕೋಲಾರಕ್ಕೆ 25 ಕಿಲೋಮೀಟರ್ ಆಸುಪಾಸು, ಅಲ್ಲಿಂದ ಬೆಂಗಳೂರಿಗೆ ಇನ್ನೂ 70ರ ಹತ್ತಿರ.

ಲೆಕ್ಕಕ್ಕೆ ಒಂದು ಕೂಸು ಇಟ್ಟುಕೊಳ್ಳೋಣ: 4 ತಿಂಗಳು, 6 ಕೆಜಿ, ನಿನ್ನೆಯಿಂದ ಹಾಲು ಸರಿಯಾಗಿ ಕುಡಿದಿಲ್ಲ, ಸಪ್ಪಗಿದೆ, ಮೈ ಸ್ವಲ್ಪ ಬೆಚ್ಚಗಿದೆ. ಮಾನಿಟರ್ 240 ತೋರಿಸುತ್ತಿದೆ. ನನ್ನ ಪ್ರಶ್ನೆಗಳು:

ಜ್ವರ, ನಿರ್ಜಲೀಕರಣದಿಂದ ಬಡಿತ ಏರಿದೆಯೋ, ಲಯವೇ ಕೆಟ್ಟಿದೆಯೋ, ಐದು ನಿಮಿಷದಲ್ಲಿ ಹೇಗೆ ತೀರ್ಮಾನಿಸುವುದು? ಓಟ ನಿಲ್ಲಿಸಲು ಐಸ್ ಇಡುವುದು ಅಂತಾರಲ್ಲ, ಎಲ್ಲಿ, ಎಷ್ಟು ಹೊತ್ತು? ಅಡೆನೊಸಿನ್ (ಈ ಓಟ ಕಡಿಯುವ ಇಂಜೆಕ್ಷನ್) ಅಷ್ಟು ಚಿಕ್ಕ ಡೋಸನ್ನು ಎಳೆದುಕೊಳ್ಳುವುದು ಹೇಗೆ? ಕೊಟ್ಟರೂ ಏನೂ ಆಗದಿದ್ದರೆ ಮುಂದೇನು?

ಮಕ್ಕಳವಾರ್ಡ್_ಕೋಲಾರ

ಡಾಕ್ಟ್ರೇ, ಚೀಟಿಯ ಮೊದಲ ಸಾಲು ಔಷಧಿ ಆಗಬಾರದು. "ಬಡಿತ ಏರಿರುವುದು ಕಾಯಿಲೆಯೋ, ಕಾಯಿಲೆಗೆ ದೇಹ ಕೊಟ್ಟ ಉತ್ತರವೋ" ಅನ್ನುವ ಪ್ರಶ್ನೆ ಆಗಬೇಕು. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಸಂಖ್ಯೆಯಿಂದ ಶುರು ಮಾಡಿ. ಒಂದು ವರ್ಷದೊಳಗಿನ ಕೂಸಿಗೆ 220 ಮತ್ತು ಮೇಲೆ, ಅದಕ್ಕಿಂತ ದೊಡ್ಡ ಮಕ್ಕಳಿಗೆ 180 ಮತ್ತು ಮೇಲೆ ಇದ್ದರೆ ಎಸ್‌ವಿಟಿ ಅನುಮಾನ. ಆದರೆ ಇದು ಗೆರೆ ಕೊರೆದ ಲೆಕ್ಕ ಅಲ್ಲ. ಜೋರು ಜ್ವರ ಬಂದು ಚೀರಾಡುವ ಎಳೆಗೂಸಿನ ಸೈನಸ್ ಬಡಿತವೂ (ಹೃದಯದ ಸಹಜ ಲಯ, ವೇಗ ಮಾತ್ರ ಹೆಚ್ಚು) ಒಮ್ಮೊಮ್ಮೆ 220 ಮುಟ್ಟುತ್ತದೆ. ಅದಕ್ಕೇ ಸಂಖ್ಯೆಗಿಂತ ಅದರ ನಡವಳಿಕೆ ನೋಡಿ. ಸೈನಸ್ ಆದರೆ ಅತ್ತಾಗ 205, ತಾಯಿ ಎತ್ತಿಕೊಂಡಾಗ 190, ಕಣ್ಣು ಮುಚ್ಚಿದಾಗ 178, ಹೀಗೆ ಆಡುತ್ತಿರುತ್ತದೆ. ಎಸ್‌ವಿಟಿ ಹಟಮಾರಿ: ಅಳಲಿ, ಮಲಗಲಿ, ಸೂಜಿ ಚುಚ್ಚಿ, 240 ಅಂದರೆ 240, ಆಚೆ ಈಚೆ ಒಂದೆರಡು. ಮಾನಿಟರ್ ಮುಂದೆ ಎರಡು ನಿಮಿಷ ಸುಮ್ಮನೆ ನಿಂತು ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಆ ಎರಡು ನಿಮಿಷ ಯಾರೂ ನಿಲ್ಲುವುದಿಲ್ಲ, ಅದೇ ತೊಂದರೆ.

ಎರಡನೆಯದು ಕಥೆ. ಭೇದಿ, ವಾಂತಿ, ಜ್ವರ, ರಕ್ತ ಹೋಗಿರುವುದು, ಅರ್ಧ ಗಂಟೆ ಹಿಂದೆ ಸಾಲ್‌ಬ್ಯುಟಮಾಲ್ ನೆಬುಲೈಸೇಶನ್: ಇವು ಇದ್ದರೆ ಸೈನಸ್ ಕಡೆಗೆ ವಾಲಿ. ಮಾವಿನ ತೋಟಗಳ ಊರು ನಿಮ್ಮದು, ಚೇಳು ಕಡಿತವನ್ನೂ ಮರೆಯಬೇಡಿ. ಬೆವರು, ಜೊಲ್ಲು, ತಣ್ಣಗಾದ ಕೈಕಾಲು, ಜೊತೆಗೆ ಓಡುವ ಎದೆ ಇದ್ದರೆ ಬಟ್ಟೆ ಬಿಚ್ಚಿ ಮೈಯೆಲ್ಲ ಹುಡುಕಿ. ಎಸ್‌ವಿಟಿಯಲ್ಲಿ ಇಂಥ ಕಾರಣ ಸಿಗುವುದಿಲ್ಲ. "ನಿನ್ನೆ ಸಾಯಂಕಾಲದವರೆಗೂ ಚೆನ್ನಾಗಿತ್ತು, ಆಮೇಲೆ ಹಾಲು ಬಿಡ್ತು" ಅನ್ನುತ್ತಾರೆ ಅಷ್ಟೇ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ತಾಯಂದಿರು "ಗುಂಡೆ ದಡ" (ತೆಲುಗಿನಲ್ಲಿ ಎದೆ ದಡದಡ) ಅಂದರೆ ತಳ್ಳಿಹಾಕಬೇಡಿ. ಎತ್ತಿಕೊಂಡವಳ ಎದೆಗೆ ಆ ಬಡಿತ ನೇರವಾಗಿ ತಾಗಿರುತ್ತದೆ. ದೃಷ್ಟಿ ತೆಗೆಸಲು ಹೋಗಿ ಬಂದಿದ್ದರೆ ಬೈಯಬೇಡಿ, ಯಾವಾಗ ಹೋಗಿದ್ದರು ಅಂತ ಕೇಳಿ. ಸಪ್ಪಗಾಗಿ ಎಷ್ಟು ಗಂಟೆ ಆಯಿತು ಅನ್ನುವ ಲೆಕ್ಕ ಅಲ್ಲೇ ಸಿಗುತ್ತದೆ. ಆ ಗಂಟೆಗಳು ಮುಖ್ಯ: ಒಂದೆರಡು ದಿನ ಹೀಗೇ ಓಡಿದ ಎಳೆಯ ಹೃದಯ ಸೋಲುತ್ತದೆ.

ಸೋತಿದೆಯೋ ಇಲ್ಲವೋ ತಿಳಿಯಲು ಬಲಗಡೆ ಪಕ್ಕೆಲುಬಿನ ಕೆಳಗೆ ಬೆರಳಿಡಿ. ಲಿವರ್ ಎರಡು ಬೆರಳಿಗಿಂತ ಕೆಳಗೆ ಇಳಿದಿದ್ದರೆ, ಉಸಿರು ಜೋರಾಗಿದ್ದರೆ, ಹಾಲು ಕುಡಿಯುವಾಗ ಹಣೆ ಬೆವರುತ್ತಿದ್ದರೆ ಹೃದಯ ದಣಿದಿದೆ. ಇಲ್ಲಿ ಆಗುವ ಎರಡು ತಪ್ಪು ಬರೆದಿಡಿ. ಒಂದು, ಏದುಸಿರು ನೋಡಿ ಕಫ ಅಂದುಕೊಂಡು ನೆಬುಲೈಸ್ ಮಾಡುವುದು. ಓಡುವ ಎದೆಗೆ ಸಾಲ್‌ಬ್ಯುಟಮಾಲ್ ಚಾಟಿ ಏಟು. ಎರಡು, ಕೈಕಾಲು ತಣ್ಣಗಿದೆ ಅಂತ 20 ಎಂಎಲ್/ಕೆಜಿ ಸಲೈನ್ ಬೋಲಸ್ (ಒಮ್ಮೆಗೇ ಬೇಗ ಹರಿಸುವ ಡೋಸ್) ಮೇಲೆ ಬೋಲಸ್ ಹಾಕುವುದು. ನಿರ್ಜಲೀಕರಣದ ಕೂಸಿಗೆ ಅದು ಜೀವದಾನ, ಬಡಿತ ಮೆಲ್ಲಗೆ ಇಳಿಯುತ್ತಾ ಬರುತ್ತದೆ. ಎಸ್‌ವಿಟಿ ಕೂಸಿನಲ್ಲಿ ಬಡಿತ ಅಲುಗುವುದಿಲ್ಲ, ಲಿವರ್ ಮಾತ್ರ ಇಳಿಯುತ್ತದೆ.

ಪಟ್ಟಿ_ಓದುವವ

ಇಸಿಜಿ ಬಗ್ಗೆ ನಾನು ಹೇಳುತ್ತೇನೆ. ಪಟ್ಟಿಯಲ್ಲಿ ಪ್ರತಿ ಬಡಿತಕ್ಕೆ ಮೊದಲು ಸಣ್ಣ ಪಿ ಅಲೆ, ಆಮೇಲೆ ಚೂಪಾದ ಕ್ಯೂಆರ್‌ಎಸ್ (ಅದರ ತುದಿ ಆರ್), ಕೊನೆಗೆ ಟಿ ಅಲೆ. ಮಾನಿಟರ್ ತೋರಿಸುವ ಸಂಖ್ಯೆ ನಂಬಿ ಯಾವ ಔಷಧಿಯನ್ನೂ ಕೊಡಬೇಡಿ. ಎತ್ತರದ ಟಿ ಅಲೆಯನ್ನೂ ಬಡಿತ ಅಂತ ಎಣಿಸಿ 120ನ್ನು 240 ಮಾಡಿಬಿಡುತ್ತದೆ. ಒಮ್ಮೊಮ್ಮೆ ಉಲ್ಟಾ, 260 ಇದ್ದರೆ 130 ಅನ್ನುತ್ತದೆ. ಸ್ಟೆತಸ್ಕೋಪ್ ಇಟ್ಟು ತಾಳೆ ನೋಡಿ. 240ರ ವೇಗದಲ್ಲಿ ಬಾಯಲ್ಲಿ ಎಣಿಸಲು ನಾಲಿಗೆ ಸಾಲದು. ಕಾಗದದ ಮೇಲೆ ಪೆನ್ನಿನಿಂದ ಬಡಿತಕ್ಕೊಂದು ಚುಕ್ಕೆ ಕುಟ್ಟುತ್ತಾ ಹೋಗಿ, 10 ಸೆಕೆಂಡಿಗೆ ನಿಲ್ಲಿಸಿ, ಆಮೇಲೆ ನಿಧಾನವಾಗಿ ಚುಕ್ಕೆ ಎಣಿಸಿ 6ರಿಂದ ಗುಣಿಸಿ. 40 ಚುಕ್ಕೆ ಅಂದರೆ 240.

ಪೇಪರ್ ಮೇಲೆ: ವೇಗ 25 ಎಂಎಂ ಇದ್ದರೆ ಒಂದು ಚಿಕ್ಕ ಚೌಕ 0.04 ಸೆಕೆಂಡು. ಎರಡು ಆರ್ ಅಲೆಗಳ ನಡುವಿನ ಚಿಕ್ಕ ಚೌಕ ಎಣಿಸಿ 1500ನ್ನು ಭಾಗಿಸಿ. 6 ಚೌಕಕ್ಕೆ 250, 7ಕ್ಕೆ 214, 8ಕ್ಕೆ 188. ಕ್ಯೂಆರ್‌ಎಸ್ ಅಗಲ ಎರಡು ಚಿಕ್ಕ ಚೌಕದ ಒಳಗೆ ನಿಂತರೆ ಕಿರಿದು. 0.09 ಸೆಕೆಂಡ್, ಅಂದರೆ ಎರಡೂಕಾಲು ಚೌಕ ದಾಟಿದರೆ ಅಗಲ, ಆಗ ಕೆಳಗಿನ ಕೋಣೆಯಿಂದ ಹುಟ್ಟಿದ ಅಪಾಯದ ಓಟ, ವಿಟಿ ಅಂತಲೇ ಲೆಕ್ಕ ಹಿಡಿದು ನಡೆಯಿರಿ. ಮಕ್ಕಳಲ್ಲಿ ಮೂರು ಚೌಕ ಆಗುವವರೆಗೆ ಕಾಯಬಾರದು, ಆ ಲೆಕ್ಕ ದೊಡ್ಡವರದು.

ಲಯ ಸಮವಾಗಿದೆಯಾ ನೋಡಲು ಇನ್ನೊಂದು ಕಾಗದದ ಅಂಚನ್ನು ಪಟ್ಟಿಗೆ ತಾಗಿಸಿ, ಎರಡು ಆರ್‌ಗಳಿಗೆ ಪೆನ್ಸಿಲ್ ಗುರುತು ಹಾಕಿ, ಉದ್ದಕ್ಕೂ ಸರಿಸುತ್ತಾ ಹೋಗಿ. ಎಸ್‌ವಿಟಿಯಲ್ಲಿ ಗುರುತು ಕೊನೆಯವರೆಗೆ ಹಾಗೇ ಕೂರುತ್ತದೆ. ಪಿ ಅಲೆ ಕಾಣುವುದಿಲ್ಲ, ಅಥವಾ ಟಿ ಅಲೆಯ ಹೆಗಲ ಮೇಲೆ ಸಣ್ಣ ಗಂಟಿನ ಹಾಗೆ ಕೂತಿರುತ್ತದೆ. ಸಂಶಯ ಬಂದರೆ 50 ಎಂಎಂ ವೇಗದಲ್ಲಿ ಇನ್ನೊಂದು ಪಟ್ಟಿ ತೆಗೆಯಿರಿ, ಅಲೆಗಳು ಬಿಡಿಬಿಡಿಯಾಗುತ್ತವೆ. ಯಾವ ವೇಗದ್ದು ಅಂತ ಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಬೆಂಗಳೂರಿನಲ್ಲಿ ನೋಡುವವರು 240ನ್ನು 120 ಅಂದುಕೊಳ್ಳುತ್ತಾರೆ. ಮೆಷಿನ್‌ನ ಸ್ನಾಯು ಫಿಲ್ಟರ್ ಆಫ್ ಮಾಡಿ. ಪಟ್ಟಿ ಅಂದವಾಗಿ ಬರಲಿ ಅಂತ ಅದನ್ನು ಹಾಕಿರುತ್ತಾರೆ, ಪಿ ಅಲೆಯಂಥ ಸೂಕ್ಷ್ಮ ಗುರುತನ್ನು ಅದೇ ನುಂಗಿಬಿಡುತ್ತದೆ. ದೊಡ್ಡವರ ಬಲ್ಬು, ಕ್ಲಿಪ್ಪು ಕೂಸಿಗೆ ಕೂರುವುದಿಲ್ಲ. ಮಕ್ಕಳ ಅಂಟು ಎಲೆಕ್ಟ್ರೋಡ್ ಒಂದು ಪ್ಯಾಕೆಟ್ ಇಂಡೆಂಟ್ ಹಾಕಿ ಇಟ್ಟುಕೊಳ್ಳಿ.

ಐಸಿಯು_ಸಿಸ್ಟರ್

ಐಸ್ ಮತ್ತು ಅಡೆನೊಸಿನ್, ಎರಡೂ ಕೈಕೆಲಸ. ಓದಿ ಬರುವುದಲ್ಲ, ಆದರೂ ಬರೆಯುತ್ತೇನೆ.

ಐಸ್: ಲಸಿಕೆ ಕೋಣೆಯ ಡೀಪ್ ಫ್ರೀಜರ್‌ನಲ್ಲಿರುವ ಗಟ್ಟಿ ಐಸ್‌ಪ್ಯಾಕ್ ತಂದು ಮುಖಕ್ಕೆ ಒತ್ತಬೇಡಿ. ಕಲ್ಲಿನಂತಿರುವ ಅದು ಮುಖದ ಉಬ್ಬುತಗ್ಗಿಗೆ ಒಗ್ಗುವುದಿಲ್ಲ, ಚರ್ಮ ಸುಡುತ್ತದೆ. ಪುಡಿ ಐಸ್ ಬೇಕು. ಆಸ್ಪತ್ರೆ ಗೇಟಿನ ಕಬ್ಬಿನ ಹಾಲಿನ ಅಂಗಡಿಯ ಐಸ್ ಆದರೂ ಆದೀತು, ಚೀಲದೊಳಗೆ ತಾನೇ ಇರುವುದು. ಪಾಲಿಥೀನ್ ಚೀಲಕ್ಕೆ ಅರ್ಧ ಪುಡಿ ಐಸ್, ಅರ್ಧ ನೀರು ಹಾಕಿ ಬಾಯಿ ಕಟ್ಟಿ. ಗ್ಲೌಸ್‌ನಲ್ಲೂ ಮಾಡಬಹುದು, ಆದರೆ ಬೆರಳುಗಳು ಜೋತು ಮೂಗಿನ ಮೇಲೆ ಬೀಳುತ್ತವೆ. ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿ. ಈಗತಾನೇ ಹಾಲು ಕುಡಿದಿದ್ದರೆ ಟ್ಯೂಬ್ ಹಾಕಿ ಹೊಟ್ಟೆ ಖಾಲಿ ಮಾಡಿ, ಸಕ್ಷನ್ ಪಕ್ಕದಲ್ಲಿರಲಿ. ಇಸಿಜಿ ಪಟ್ಟಿ ಓಡಲು ಬಿಟ್ಟು, ಚೀಲವನ್ನು ಹಣೆ, ಕಣ್ಣು, ಮೂಗಿನ ದಂಡೆ ಮುಚ್ಚುವಂತೆ ಒಮ್ಮೆಗೇ ಇಡಿ. ಮೂಗಿನ ಹೊಳ್ಳೆ, ಬಾಯಿ ತೆರೆದಿರಬೇಕು. 15ರಿಂದ 20 ಸೆಕೆಂಡು, ಗಡಿಯಾರ ನೋಡಿಕೊಂಡು. ಮೆಲ್ಲಗೆ ತಾಗಿಸಿ ತಾಗಿಸಿ ತೆಗೆದರೆ ಕೆಲಸ ಆಗುವುದಿಲ್ಲ, ಥಟ್ಟನೆ ತಣ್ಣಗಾಗಬೇಕು. ನೀರಲ್ಲಿ ಮುಳುಗಿದ ಪ್ರಾಣಿಯ ಹೃದಯ ನಿಧಾನವಾಗುವ ಅದೇ ಪ್ರತಿಕ್ರಿಯೆ ಇದು. ಆಗದಿದ್ದರೆ ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ. ಆಮೇಲೆ ಮುಖ ಒರೆಸಿ, ಟೆಂಪರೇಚರ್ ನೋಡಿ.

ಕಣ್ಣುಗುಡ್ಡೆ ಒತ್ತುವುದು ಬೇಡವೇ ಬೇಡ, ಅಕ್ಷಿಪಟಲ ಕಿತ್ತುಬರುತ್ತದೆ. ಕೂಸಿನ ಕತ್ತು ಒತ್ತಿ ತಿಕ್ಕುವುದೂ ಬೇಡ.

ಐಸ್ ಹೊಂದಿಸುವಷ್ಟರಲ್ಲಿ ಇನ್ನೊಬ್ಬರು ಕ್ಯಾನುಲಾ (ನಾಳಕ್ಕೆ ಹಾಕುವ ತೆಳು ಕೊಳವೆ) ಹಾಕಲಿ. ಮೊಣಕೈ ಮಡಿಕೆಯ ದೊಡ್ಡ ರಕ್ತನಾಳ ಹಿಡಿಯಿರಿ, 22 ಗೇಜ್ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ 24. ಅಂಗೈ ಹಿಂದೆ, ಪಾದದಲ್ಲಿ ಹಾಕಿದರೆ ಅಡೆನೊಸಿನ್ ಹೃದಯ ಮುಟ್ಟುವ ಮೊದಲೇ ಕರಗಿಹೋಗುತ್ತದೆ. ಅದರ ಅರ್ಧಾಯುಷ್ಯ 10 ಸೆಕೆಂಡಿಗಿಂತ ಕಡಿಮೆ. "ಅಡೆನೊಸಿನ್ ಕೊಟ್ವಿ, ಕೆಲಸ ಮಾಡ್ಲಿಲ್ಲ" ಅಂತ ರೆಫರಲ್ ಚೀಟಿಯಲ್ಲಿ ಬರೆದಿದ್ದರೆ ಮೊದಲು ಕೇಳಬೇಕಾದ್ದು ಯಾವ ನಾಳದಲ್ಲಿ ಕೊಟ್ರಿ ಅಂತ.

ಡೋಸ್: ಮೊದಲು 0.1 ಮಿಲಿಗ್ರಾಂ/ಕೆಜಿ, ಗರಿಷ್ಠ 6. ಎರಡನೇ ಸಲ 0.2, ಗರಿಷ್ಠ 12. ವಯಲ್‌ನಲ್ಲಿ 2 ಎಂಎಲ್‌ಗೆ 6 ಮಿಲಿಗ್ರಾಂ. ನಿಮ್ಮ 6 ಕೆಜಿ ಕೂಸಿಗೆ 0.6 ಮಿಲಿಗ್ರಾಂ ಅಂದರೆ 0.2 ಎಂಎಲ್. ಇದನ್ನು ಹಾಗೇ ಎಳೆದರೆ ಅರ್ಧ ಸಿರಿಂಜಿನ ಮೂತಿಯಲ್ಲೇ ಉಳಿಯುತ್ತದೆ. ವಯಲ್‌ನಿಂದ 1 ಎಂಎಲ್ ತೆಗೆದು 2 ಎಂಎಲ್ ನಾರ್ಮಲ್ ಸಲೈನ್ ಸೇರಿಸಿ. ಈಗ 1 ಎಂಎಲ್‌ಗೆ 1 ಮಿಲಿಗ್ರಾಂ, ತಲೆಲೆಕ್ಕಕ್ಕೂ ಸುಲಭ: ಮೊದಲ ಡೋಸ್ 0.6 ಎಂಎಲ್, ಎರಡನೆಯದು 1.2. ಇನ್ಸುಲಿನ್ ಸಿರಿಂಜ್ ಮುಟ್ಟಬೇಡಿ. ಅದರ ಮೇಲಿರುವ 40 ಗೆರೆ ಯೂನಿಟ್‌ನದು, ಎಂಎಲ್‌ನದಲ್ಲ. ಗಾಬರಿಯಲ್ಲಿ ಯಾರಿಗೂ ಆ ಭಾಗಾಕಾರ ನೆನಪಾಗುವುದಿಲ್ಲ.

ಕ್ಯಾನುಲಾಗೆ ತ್ರೀ-ವೇ (ಮೂರು ಬಾಯಿಯ ತಿರುಗಿಸುವ ನಲ್ಲಿ) ನೇರವಾಗಿ ಹಾಕಿ, ನಡುವೆ ಎಕ್ಸ್‌ಟೆನ್ಶನ್ ಬೇಡ. ಪಕ್ಕದ ಬಾಯಿಗೆ ಅಡೆನೊಸಿನ್, ನೇರ ಬಾಯಿಗೆ 5ರಿಂದ 10 ಎಂಎಲ್ ಸಲೈನ್ ಫ್ಲಶ್. ಒಬ್ಬರು ಔಷಧಿ ತಳ್ಳುತ್ತಿದ್ದಂತೆ ತ್ರೀ-ವೇ ತಿರುಗಿಸಿ ಇನ್ನೊಬ್ಬರು ಫ್ಲಶ್ ತಳ್ಳಬೇಕು, ನಡುವೆ ಒಂದು ಸೆಕೆಂಡೂ ಇರಬಾರದು. ಸಾಮಾನ್ಯ ಎಡವಟ್ಟು: ತ್ರೀ-ವೇ ಅರ್ಧ ತಿರುಗಿ ಔಷಧಿ ಫ್ಲಶ್ ಸಿರಿಂಜಿಗೇ ಹಿಮ್ಮುಖವಾಗಿ ಹೋಗುವುದು, ಅದೇ ಕೈಗೆ ಬಿಪಿ ಕಫ್ ಕಟ್ಟಿ ಅದು ಆಗಲೇ ಉಬ್ಬುವುದು. ಮೊದಲು ಬರೀ ಸಲೈನ್ ಇಟ್ಟು ಇಬ್ಬರೂ ಒಂದು ಸಲ ಅಭ್ಯಾಸ ಮಾಡಿ, ನಾಚಿಕೆ ಏನಿಲ್ಲ.

ತಳ್ಳುವ ಮೊದಲು ಇಸಿಜಿ ಪಟ್ಟಿ ಓಡುತ್ತಿರಬೇಕು, ಡಿಫಿಬ್ರಿಲೇಟರ್ ಆನ್ ಇರಬೇಕು. ತಾಯಿಗೆ ಮುಂಚೆಯೇ ಹೇಳಿ: "ಕೆಲವು ಸೆಕೆಂಡು ಗೆರೆ ಸಪಾಟಾಗುತ್ತೆ ತಾಯಿ, ಹೆದರ್ಬೇಡಿ, ವಾಪಸ್ ಬರುತ್ತೆ." ಮಗು ಕೆಂಪಾಗುತ್ತದೆ, ಚೀರುತ್ತದೆ, ಅದು ಔಷಧಿ ಮುಟ್ಟಿದ ಗುರುತು. ಗೂರಲು ಇರುವ ಮಕ್ಕಳಲ್ಲಿ ಶ್ವಾಸನಾಳ ಬಿಗಿಯಬಹುದು. ಥಿಯೋಫಿಲಿನ್ ತಗೊಳ್ಳುವ ಮಗುವಿಗೆ ಅಡೆನೊಸಿನ್ ಸರಿಯಾಗಿ ಹತ್ತುವುದಿಲ್ಲ.

ಕ್ಯಾನುಲಾ ಹಾಕುವಾಗಲೇ ಒಂದು ತೊಟ್ಟು ರಕ್ತದಲ್ಲಿ ಸಕ್ಕರೆ ನೋಡಿ. ಒಂದು ದಿನದಿಂದ ಹಾಲಿಲ್ಲದ ಕೂಸು. ಕಡಿಮೆ ಇದ್ದರೆ 10% ಡೆಕ್ಸ್‌ಟ್ರೋಸ್ 2 ಎಂಎಲ್/ಕೆಜಿ, ಅಂದರೆ 12 ಎಂಎಲ್.

ಡ್ಯೂಟಿರೂಮ್_ಶ್ರೀನಿವಾಸಪುರ

ಸಿಸ್ಟರ್, 1 ಎಂಎಲ್‌ಗೆ 1 ಮಿಲಿಗ್ರಾಂ ಲೆಕ್ಕ ಚೀಟಿಗೆ ಸೇರಿತು, ಥ್ಯಾಂಕ್ಸ್. ಉಳಿದವು ಮೂರು. ಅಡೆನೊಸಿನ್ ಸ್ಟಾಕ್ ಮುಗಿದಿದ್ದು ವೆರಾಪಮಿಲ್ (ಬಡಿತ ಇಳಿಸುವ ಇನ್ನೊಂದು ಔಷಧಿ) ಇಂಜೆಕ್ಷನ್ ಇದ್ದರೆ ಕೊಡಬಹುದಾ? ಅಡೆನೊಸಿನ್‌ಗೆ ನಿಂತು ಮತ್ತೆ ಶುರುವಾದರೆ ಎಷ್ಟು ಸಲ ಕೊಡುವುದು? ಶಾಕ್ ಯಾವಾಗ, ಎಷ್ಟು ಜೂಲ್?

ಲಯತಜ್ಞ_ಬೆಂಗಳೂರು

ವೆರಾಪಮಿಲ್ ಮೊದಲು. ಒಂದು ವರ್ಷದೊಳಗಿನ ಕೂಸಿಗೆ ನಾಳಕ್ಕೆ ವೆರಾಪಮಿಲ್ ಕೊಡಲೇಬಾರದು. ಬಿಪಿ ಕುಸಿದು ಹೃದಯ ನಿಂತೇಹೋಗಬಹುದು, ಎಬ್ಬಿಸುವುದು ಕಷ್ಟ. ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಅಡೆನೊಸಿನ್ ಇಲ್ಲ, ಕೂಸು ಸ್ಥಿರವಾಗಿದೆ ಅಂದರೆ ಐಸ್ ಇನ್ನೊಮ್ಮೆ ಪ್ರಯತ್ನಿಸಿ, ಫೋನ್ ಮಾಡಿ, ಹೊರಡಿ.

ಅಡೆನೊಸಿನ್ ಏಕೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಎರಡನೇ ಪ್ರಶ್ನೆಗೆ ಉತ್ತರ ತಾನಾಗಿ ಬರುತ್ತದೆ. ಎಳೆಗೂಸುಗಳ ಎಸ್‌ವಿಟಿಯಲ್ಲಿ ಹೆಚ್ಚಿನವು ಸುತ್ತು ಹೊಡೆಯುವ ಬಗೆ. ಕರೆಂಟು ಹೃದಯದ ಮೇಲಿನ, ಕೆಳಗಿನ ಕೋಣೆಗಳನ್ನು ಜೋಡಿಸುವ ಎವಿ ನೋಡ್ ಎಂಬ ಹೆದ್ದಾರಿಯಲ್ಲಿ ಕೆಳಗಿಳಿದು, ಹುಟ್ಟಿನಿಂದಲೇ ಉಳಿದ ಒಂದು ಕಳ್ಳದಾರಿಯಲ್ಲಿ ಮೇಲೆ ಬಂದು, ಗಾಣದೆತ್ತಿನ ಹಾಗೆ ತಿರುಗುತ್ತಲೇ ಇರುತ್ತದೆ. ಐಸ್ ಆಗಲಿ ಅಡೆನೊಸಿನ್ ಆಗಲಿ ಹೆದ್ದಾರಿಯನ್ನು ಕೆಲವೇ ಸೆಕೆಂಡು ಮುಚ್ಚುತ್ತದೆ, ಸುತ್ತು ಕಡಿಯುತ್ತದೆ. ಹಾಗಾಗಿ ಕೊಟ್ಟ ನಂತರ ಪಟ್ಟಿಯಲ್ಲಿ ನಾಲ್ಕು ಬಗೆ ಕಾಣಬಹುದು.

ಥಟ್ಟನೆ ನಿಂತು, ಸಣ್ಣ ಮೌನ, ಆಮೇಲೆ ಪಿ ಅಲೆಯೊಂದಿಗೆ 140, 150: ಗೆದ್ದಿರಿ.

ನಿಂತು ಅರ್ಧ ನಿಮಿಷದಲ್ಲಿ ಮತ್ತೆ ಶುರು: ಔಷಧಿ ಸೋತಿಲ್ಲ, ಅದರ ಆಯುಷ್ಯ ಮುಗಿದಿದೆ ಅಷ್ಟೇ. ಅದನ್ನೇ ಐದಾರು ಸಲ ಕೊಡುತ್ತಾ ಕೂರುವುದರಿಂದ ಪ್ರಯೋಜನ ಇಲ್ಲ, ಹೆಚ್ಚು ಹೊತ್ತು ನಿಲ್ಲುವ ಔಷಧಿ ಬೇಕು. ತಜ್ಞರ ಜೊತೆ ಮಾತಾಡಿಕೊಂಡು ಅಮಿಯೋಡರೋನ್ 5 ಮಿಲಿಗ್ರಾಂ/ಕೆಜಿ, 20ರಿಂದ 60 ನಿಮಿಷದಲ್ಲಿ ನಿಧಾನವಾಗಿ, ಬಿಪಿ ನೋಡುತ್ತಾ. 6 ಕೆಜಿಗೆ 30 ಮಿಲಿಗ್ರಾಂ. ಬೇಗ ಹರಿಸಿದರೆ ಬಿಪಿ ಬೀಳುತ್ತದೆ.

ಕೆಳಗಿನ ಬಡಿತ ನಿಧಾನವಾಗಿ, ನಡುವೆ ಗರಗಸದ ಹಲ್ಲಿನಂಥ ಅಲೆ ಸಾಲಾಗಿ ಕಂಡರೆ: ಅದು ಏಟ್ರಿಯಲ್ ಫ್ಲಟರ್, ಮೇಲಿನ ಕೋಣೆಯೊಳಗೇ ತಿರುಗುವ ಸುತ್ತು. ಅಡೆನೊಸಿನ್ ಅದನ್ನು ನಿಲ್ಲಿಸುವುದಿಲ್ಲ, ಮುಸುಕು ತೆಗೆದು ತೋರಿಸುತ್ತದೆ. ಆ ಪಟ್ಟಿ ಚಿನ್ನದಷ್ಟು ಬೆಲೆಯದು, ಎಸೆಯಬೇಡಿ.

ಏನೂ ಆಗಲಿಲ್ಲ: ಹೆಚ್ಚಿನ ಸಲ ಔಷಧಿ ಹೃದಯ ಮುಟ್ಟಿರುವುದಿಲ್ಲ. ಸಿಸ್ಟರ್ ಹೇಳಿದ್ದನ್ನು ಮತ್ತೊಮ್ಮೆ ಓದಿ. ಮುಟ್ಟಿಯೂ ಅಲುಗಲಿಲ್ಲ ಅಂದರೆ ಕ್ಯೂಆರ್‌ಎಸ್ ಅಗಲ ಮತ್ತೆ ಅಳೆಯಿರಿ, ಅದು ವಿಟಿ ಇರಬಹುದು.

ಶಾಕ್: ಮಂಪರು, ನಾಡಿ ಕೈಗೆ ಸಿಗದಿರುವುದು, ಉಗುರು ಒತ್ತಿ ಬಿಟ್ಟರೆ ಕೆಂಪು ಮರಳಲು 3 ಸೆಕೆಂಡಿಗಿಂತ ಹೆಚ್ಚು, ಈ ವಯಸ್ಸಿಗೆ ಮೇಲಿನ ಬಿಪಿ 70ಕ್ಕಿಂತ ಕಡಿಮೆ: ಇವುಗಳಿದ್ದರೆ ಕೂಸು ಅಸ್ಥಿರ. ಆಗಲೇ ಕ್ಯಾನುಲಾ ಇದ್ದರೆ ಒಂದು ಅಡೆನೊಸಿನ್. ಇಲ್ಲದಿದ್ದರೆ ನಾಳ ಹುಡುಕುತ್ತಾ ಹೊತ್ತು ಕಳೆಯದೆ ಶಾಕ್. ಮೊದಲು 0.5ರಿಂದ 1 ಜೂಲ್/ಕೆಜಿ, ಆಗದಿದ್ದರೆ 2. ನಿಮ್ಮ ಕೂಸಿಗೆ 5, ಆಮೇಲೆ 12ರ ಸಮೀಪ ಮೆಷಿನ್‌ನಲ್ಲಿ ಯಾವುದಿದೆಯೋ ಅದು. ಸಿಂಕ್ ಬಟನ್ (ಶಾಕನ್ನು ಆರ್ ಅಲೆಗೆ ಹೊಂದಿಸುವುದು) ಒತ್ತಿದ ಮೇಲೆ ಪ್ರತಿ ಆರ್ ಅಲೆಯ ಮೇಲೆ ಗುರುತು ಮಿನುಗುತ್ತಿದೆಯಾ ನೋಡಿ. ಶಾಕ್ ಬಟನ್ ಒತ್ತಿದ ಕೂಡಲೇ ಬಿಡಬೇಡಿ. ಮೆಷಿನ್ ಆರ್ ಅಲೆಗೆ ಕಾಯುತ್ತದೆ, ಬೆರಳು ತೆಗೆದರೆ ಹೊಡೆಯುವುದೇ ಇಲ್ಲ, "ಮೆಷಿನ್ ಕೆಟ್ಟಿದೆ" ಅನ್ನುತ್ತಾರೆ. ಬಹಳ ಮೆಷಿನ್‌ಗಳಲ್ಲಿ ಒಂದು ಶಾಕ್ ಆದಮೇಲೆ ಸಿಂಕ್ ತಾನೇ ಆಫ್ ಆಗುತ್ತದೆ, ಎರಡನೆಯದಕ್ಕೆ ಮತ್ತೆ ಒತ್ತಬೇಕು. 10 ಕೆಜಿ ಒಳಗೆ ಮಕ್ಕಳ ಪ್ಯಾಡಲ್. ದೊಡ್ಡ ಪ್ಯಾಡಲ್‌ನ ತಟ್ಟೆ ಜಾರಿಸಿದರೆ ಕೆಳಗೆ ಚಿಕ್ಕದು ಇರುತ್ತದೆ. ಎರಡು ಪ್ಯಾಡಲ್‌ಗಳ ಜೆಲ್ ಒಂದಕ್ಕೊಂದು ತಾಗಬಾರದು. ಎಚ್ಚರ ಇರುವ ಕೂಸಿಗೆ ಮಿಡಾಜೋಲಾಮ್ 0.1 ಮಿಲಿಗ್ರಾಂ/ಕೆಜಿ, ಉಸಿರಾಟದ ಬ್ಯಾಗ್ ಕೈಯಲ್ಲಿರಲಿ.

ಅಗಲವಾದ, ಲಯವೇ ಇಲ್ಲದೆ ಅಡ್ಡಾದಿಡ್ಡಿ ಓಡುವ ಬಡಿತ ಕಂಡರೆ ಅಡೆನೊಸಿನ್, ಡಿಗಾಕ್ಸಿನ್, ವೆರಾಪಮಿಲ್ ಮೂರೂ ಬೇಡ. ಅದು ಕಳ್ಳದಾರಿಯಲ್ಲಿ ಇಳಿಯುತ್ತಿರುವ ಏಟ್ರಿಯಲ್ ಫಿಬ್ರಿಲೇಶನ್ (ಮೇಲಿನ ಕೋಣೆ ಲಯತಪ್ಪಿ ನಡುಗುವುದು) ಇರಬಹುದು. ಹೆದ್ದಾರಿ ಮುಚ್ಚಿದರೆ ಎಲ್ಲಾ ವಾಹನ ಕಳ್ಳದಾರಿಗೇ ನುಗ್ಗುತ್ತವೆ. ಅದಕ್ಕೆ ಶಾಕ್.

ಓಟ ನಿಂತ ಮೇಲೆ 12 ಲೀಡ್ ಇಸಿಜಿ ಮರೆಯದೆ ತೆಗೆಯಿರಿ. ಪಿಆರ್ ಅಂತರ (ಪಿ ಅಲೆ ಶುರುವಿನಿಂದ ಕ್ಯೂಆರ್‌ಎಸ್ ಶುರುವಿನವರೆಗೆ) ಕುಗ್ಗಿ, ಕ್ಯೂಆರ್‌ಎಸ್ ಏರುವ ಜಾಗದಲ್ಲಿ ಇಳಿಜಾರು ಇದ್ದರೆ ಅದು ಡೆಲ್ಟಾ ಅಲೆ, ಕಳ್ಳದಾರಿಯ ಗುರುತು; ಈ ಸ್ಥಿತಿಗೆ ಡಬ್ಲ್ಯುಪಿಡಬ್ಲ್ಯು ಅಂತ ಹೆಸರು. ಆ ಮಗುವಿಗೆ ಡಿಗಾಕ್ಸಿನ್ ಬರೆಯಬೇಡಿ. ಎಳೆಗೂಸುಗಳಲ್ಲಿ ಬಹುಪಾಲಿಗೆ ವರ್ಷ ತುಂಬುವಷ್ಟರಲ್ಲಿ ಇದು ತಣ್ಣಗಾಗುತ್ತದೆ, ಕೆಲವರಲ್ಲಿ ಶಾಲೆಗೆ ಹೋಗುವ ವಯಸ್ಸಿಗೆ ಮರಳುತ್ತದೆ. ಕಳ್ಳದಾರಿಯನ್ನು ತೊಡೆಯ ನಾಳದಿಂದ ತಂತಿ ಹಾಯಿಸಿ ಸುಡುವ ಅಬ್ಲೇಶನ್ ಇದೆ, ಸಾಮಾನ್ಯವಾಗಿ 15 ಕೆಜಿ ದಾಟುವವರೆಗೆ ಕಾಯುತ್ತಾರೆ. ಮಕ್ಕಳ ಹೃದಯಕ್ಕೆ ಬೆಂಗಳೂರಿನಲ್ಲಿ ಜಯದೇವ ಇದೆ. ಕೋಲಾರದ ಕಡೆಯವರಿಗೆ ದಾರಿಯಲ್ಲೇ ಸಿಗುವಂತೆ ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯೂ ಇದೆ. ಎರಡಕ್ಕೂ ಮೊದಲೇ ಫೋನ್ ಮಾಡಿ, ಬೆಡ್ ಖಾತ್ರಿಯಾದ ಮೇಲೆ ಹೊರಡಿಸಿ.

108_ಹಿಂದಿನ_ಸೀಟು

ಸಾಗಿಸುವ ಬಗ್ಗೆ ಎರಡೇ ಮಾತು. ಓಡುವ ಗಾಡಿಯಲ್ಲಿ ತೆಗೆದ ಇಸಿಜಿ ಪಟ್ಟಿ ರಸ್ತೆಯ ಪಟ್ಟಿ, ಹೃದಯದ್ದಲ್ಲ. ಮಾನಿಟರ್ ಕುಣಿದರೆ ವಿಟಿ ಅಂತ ಗಾಬರಿಯಾಗಿ ಶಾಕ್ ಕೊಡುವ ಮೊದಲು ನಾಡಿ ಮುಟ್ಟಿ, ಪೈಲಟ್‌ಗೆ (ಗಾಡಿ ಓಡಿಸುವವರಿಗೆ) ಹೇಳಿ ಗಾಡಿ ಪಕ್ಕಕ್ಕೆ ಹಾಕಿಸಿ, ಅರ್ಧ ನಿಮಿಷ ನಿಂತು ನೋಡಿ. ಇನ್ನೊಂದು, ಹೊಸಕೋಟೆ ದಾಟಿ ಕೆ.ಆರ್.ಪುರ, ಟಿನ್ ಫ್ಯಾಕ್ಟರಿ ಹತ್ತಿರ ಸಿಕ್ಕಿಹಾಕಿಕೊಂಡರೆ ಬೇಗ ಬಿಡಿಸಿಕೊಳ್ಳಲಾಗುವುದಿಲ್ಲ. ಅದನ್ನು ಲೆಕ್ಕ ಹಿಡಿದೇ ಆಮ್ಲಜನಕ ತುಂಬಿಸಿ. ಕ್ಯಾನುಲಾ ಎರಡು ಇದ್ದರೆ ಒಳ್ಳೆಯದು, ಬಟ್ಟೆಯೊಳಗೆ ಮುಚ್ಚಿಹಾಕಬೇಡಿ. ಅಡೆನೊಸಿನ್ ವಯಲ್, ತುಂಬಿಸಿ ಹೆಸರು ಬರೆದ ಮೂರು ಫ್ಲಶ್ ಸಿರಿಂಜ್, ಕೂಸಿನ ತೂಕ ಮತ್ತು ಎರಡೂ ಡೋಸ್ ಎಂಎಲ್‌ನಲ್ಲಿ ಬರೆದ ಚೀಟಿ ಜೊತೆಗಿರಲಿ.

ಉಪಕೇಂದ್ರ_ಚಿಂತಾಮಣಿ

ಆಸ್ಪತ್ರೆಯಿಂದ ಮನೆಗೆ ಬಂದ ಮಕ್ಕಳನ್ನು ನೋಡುವವರು ನಾವು, ಆಶಾ ಕಾರ್ಯಕರ್ತೆಯರು. ಓಟ ಮತ್ತೆ ಬಾರದಂತೆ ಬರೆದುಕೊಡುವ ಪ್ರೊಪ್ರನೊಲಾಲ್ ಮನೆಯಲ್ಲಿ ಹೇಗೆ ಕೊಡಬೇಕು, ಏನು ಎಚ್ಚರ ಅಂತ ಯಾರಾದರೂ ಬರೆದರೆ ಚೆನ್ನಾಗಿರುತ್ತೆ. ಅಲ್ಲಿ ಏನೇನೋ ನಡೆಯುತ್ತೆ.

ಮಕ್ಕಳವಾರ್ಡ್_ಕೋಲಾರ

ಒಳ್ಳೆ ಪ್ರಶ್ನೆ ಅಮ್ಮ. ಡೋಸ್ ಮಗುವಿನಿಂದ ಮಗುವಿಗೆ ಬೇರೆ, ದಿನಕ್ಕೆ 1ರಿಂದ 4 ಮಿಲಿಗ್ರಾಂ/ಕೆಜಿ, ಮೂರು ನಾಲ್ಕು ಪಾಲಾಗಿ. ಡಾಕ್ಟರು ಕೊಟ್ಟ ಚೀಟಿಯಲ್ಲಿ ಬರೆದದ್ದೇ ಅಂತಿಮ. ಉದಾಹರಣೆಗೆ 6 ಕೆಜಿಗೆ 2 ಮಿಲಿಗ್ರಾಂ ಮೂರು ಹೊತ್ತು ಅಂತಿದ್ದರೆ: 10 ಮಿಲಿಗ್ರಾಂ ಮಾತ್ರೆ ಒಂದನ್ನು ಪುಡಿ ಮಾಡಿ, ಕಾಯಿಸಿ ಆರಿಸಿದ 10 ಎಂಎಲ್ ನೀರಿನಲ್ಲಿ ಕದಡಿ, ತಳಕ್ಕೆ ಕೂರುವ ಮೊದಲೇ 2 ಎಂಎಲ್ ಎಳೆದು ಕೊಡುವುದು, ಉಳಿದದ್ದು ಚೆಲ್ಲುವುದು. ಪ್ರತಿ ಹೊತ್ತಿಗೂ ಹೊಸದು. ಮನೆಗೆ ಹೋದಾಗ ಮಾತ್ರೆಯ ಪಟ್ಟಿ ಕೈಗೆ ತಗೊಂಡು ನೋಡಿ. 10 ಸಿಗಲಿಲ್ಲ ಅಂತ ಮೆಡಿಕಲ್‌ನವರು 40 ಕೊಟ್ಟಿರುತ್ತಾರೆ, ನಾಲ್ಕು ಪಟ್ಟು ಆಯಿತು. ಇನ್ನು ದಿನಕ್ಕೊಂದೇ ಅಂತ ನಿಧಾನವಾಗಿ ಬಿಡುಗಡೆಯಾಗುವ ಕ್ಯಾಪ್ಸೂಲ್ ಒಡೆದು ಕೊಡುವಂತೆಯೇ ಇಲ್ಲ.

ಈ ಔಷಧಿ ಖಾಲಿ ಹೊಟ್ಟೆಗೆ ವೈರಿ. ಸಕ್ಕರೆ ಕುಸಿಯುತ್ತದೆ, ಕುಸಿದದ್ದನ್ನು ಮುಚ್ಚಿಡುತ್ತದೆ ಕೂಡ, ನಡುಕ ಕಾಣುವುದಿಲ್ಲ. ಹಾಲು ಕುಡಿಸಿಯೇ ಕೊಡಬೇಕು, ರಾತ್ರಿ ಎಬ್ಬಿಸಿ ಹಾಲು ಕೊಡಬೇಕು. ವಾಂತಿಯಾಗುತ್ತಿದ್ದರೆ, ಹಾಲು ಮುಟ್ಟದಿದ್ದರೆ ಆ ಹೊತ್ತಿನದು ಕೊಡದೆ ಡಾಕ್ಟರಿಗೆ ಫೋನ್. ಕಫ ಕಟ್ಟಿ ಗೊರಗೊರ ಅಂದರೂ ಫೋನ್. ತಾವಾಗಿಯೇ ದಿಢೀರ್ ನಿಲ್ಲಿಸಿಬಿಡುವುದೂ ತಪ್ಪು.

ನೆಗಡಿ ಸಿರಪ್ ಬೇಡ ಅಂತ ಒತ್ತಿ ಹೇಳಿ. ಅದರಲ್ಲಿರುವ ಫಿನೈಲೆಫ್ರಿನ್ ಇಂಥ ಮಕ್ಕಳಿಗೆ ಆಗಿಬರುವುದಿಲ್ಲ. ಕ್ಲೋರ್‌ಫೆನಿರಮೈನ್ ಜೊತೆಗಿನ ಆ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ ಮೇಲೆ ಹಾಕಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಹೇಳಿದ್ದಾರೆ. ಎದೆ ಎಣಿಸುವುದಕ್ಕೆ ಮೇಲೆ ಹೇಳಿದ ಚುಕ್ಕೆ ಲೆಕ್ಕವನ್ನೇ ತಾಯಿಗೆ ಕಲಿಸಿ. ಮಲಗಿರುವ ಕೂಸಿನ ಎದೆಗೆ ಕಿವಿಯಿಟ್ಟು 10 ಸೆಕೆಂಡಿಗೆ 37 ಚುಕ್ಕೆ ಬಂದರೆ 220 ದಾಟಿತು, ಬಾಡಿಗೆ ಗಾಡಿ ಹುಡುಕದೆ 108.

ದೊಡ್ಡ ಮಕ್ಕಳು ತಾವೇ ಹೇಳುತ್ತಾರೆ, "ಎದೆ ಡವ ಡವ", "ಕತ್ತಲ್ಲಿ ಏನೋ ಬಡ್ಕೊಳ್ತಿದೆ". ಕೆಲವರು ಹೊಟ್ಟೆನೋವು ಅನ್ನುತ್ತಾರೆ. ಅವರಿಗೆ ಸೂಜಿಯಿಲ್ಲದ 10 ಎಂಎಲ್ ಸಿರಿಂಜ್ ಕೊಟ್ಟು, ಮೂತಿ ಕಡೆಯಿಂದ ಊದಿ ಪಿಸ್ಟನ್ ಅಲುಗಿಸಲು ಹೇಳಿ, 15 ಸೆಕೆಂಡು ಬಿಡದೆ. ಕೂಡಲೇ ಅಂಗಾತ ಮಲಗಿಸಿ ಕಾಲೆರಡನ್ನೂ 45 ಡಿಗ್ರಿ ಎತ್ತಿ 15 ಸೆಕೆಂಡು ಹಿಡಿಯಿರಿ. ಓಡುವಾಗ, ಈಜುವಾಗ ತಲೆ ತಿರುಗಿ ಬಿದ್ದ ಮಗು ಮಾತ್ರ ಬೇರೆ ವರ್ಗ. ಅದಕ್ಕೆ ಊದಿಸುತ್ತಾ ಕೂರಬೇಡಿ, ಅದೇ ದಿನ ಇಸಿಜಿ ಆಗಬೇಕು.

ಪಟ್ಟಿ_ಓದುವವ

ಒಂದು ಸೇರಿಸುತ್ತೇನೆ. ಇಸಿಜಿ ಪಟ್ಟಿ ಥರ್ಮಲ್ ಕಾಗದ. ಜೋಪಾನವಾಗಿರಲಿ ಅಂತ ಮನೆಯವರು ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸುತ್ತಾರೆ, ಬಿಸಿಗೆ ಇಡೀ ಹಾಳೆ ಕಪ್ಪಾಗಿ ಹೋಗುತ್ತದೆ. ಓಡುತ್ತಿದ್ದಾಗಿನದು, ಅಡೆನೊಸಿನ್ ಕೊಟ್ಟಾಗಿನದು, ನಿಂತ ಮೇಲಿನದು, ಮೂರನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದು ತಾಯಿಯ ಫೋನಿಗೂ ಹಾಕಿ, ಒಂದು ಜೆರಾಕ್ಸ್ ಮಾಡಿಸಿ.

ಡ್ಯೂಟಿರೂಮ್_ಶ್ರೀನಿವಾಸಪುರ

ಚೀಟಿ ಒಂದು ಪುಟ ದಾಟಿತು, ಹಿಂದೆ ಮುಂದೆ ಅಚ್ಚು ಹಾಕಿಸುತ್ತೇನೆ. ಕೊನೆಯದು: ಅಡೆನೊಸಿನ್ ಫ್ರಿಜ್‌ನಲ್ಲಿ ಇಡಬೇಕಲ್ಲವೇ, ಇನ್ಸುಲಿನ್ ಜೊತೆ?

ಐಸಿಯು_ಸಿಸ್ಟರ್

ಇಲ್ಲ ಡಾಕ್ಟ್ರೇ, ಹೊರಗೇ ಇಡಿ, ಕ್ರ್ಯಾಶ್ ಕಾರ್ಟ್‌ನಲ್ಲಿ. ಫ್ರಿಜ್‌ನಲ್ಲಿಟ್ಟರೆ ಹರಳು ಕಟ್ಟುತ್ತದೆ. ಈಗಾಗಲೇ ಕಟ್ಟಿದ್ದರೆ ಹೊರಗಿಟ್ಟು ಕೋಣೆಯ ಉಷ್ಣಾಂಶಕ್ಕೆ ಬರಲು ಬಿಡಿ. ಪೂರ್ತಿ ಕರಗಿ ತಿಳಿಯಾದರೆ ಬಳಸಬಹುದು, ಇಲ್ಲದಿದ್ದರೆ ಬೇಡ. ಒಡೆದ ವಯಲ್‌ನಲ್ಲಿ ಉಳಿದದ್ದನ್ನು ಮುಂದಿನ ಮಗುವಿಗೆ ಅಂತ ಎತ್ತಿಡಬೇಡಿ, ಅದರಲ್ಲಿ ಕೆಡದಂತೆ ತಡೆಯುವ ಪದಾರ್ಥ ಏನೂ ಹಾಕಿರುವುದಿಲ್ಲ.